ಸಂಬಳದ ಅಂಕಿ, ಕರಾರಿನ ಷರತ್ತು
(ದತ್ತಿ ಉಪನ್ಯಾಸದ ಪೂರ್ಣಪಾಠ)



ಶಿಕ್ಷಣದ ಆಡಳಿತದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎನ್ನುವುದು ಈ ದತ್ತಿಯ ಆಶಯ. ಆಡಳಿತ ಎಂದ ಕೂಡಲೇ ನಾವು ಪಠ್ಯಕ್ರಮ, ಪರೀಕ್ಷೆ, ಫಲಿತಾಂಶ ಎಂದು ಮಾತು ಹೊರಳಿಸಿಬಿಡುತ್ತೇವೆ. ಆಡಳಿತ ಮಾಡುವವರಿಗೆ ಎಷ್ಟು ಕೊಡಬೇಕು, ಅದನ್ನು ಯಾರು ಗೊತ್ತುಮಾಡಬೇಕು ಎಂಬ ಮಾತು ಇಂಥ ಸಭೆಗಳಿಗೆ ತಕ್ಕದ್ದಲ್ಲ ಅನ್ನಿಸುತ್ತದೋ ಏನೋ. ಇವತ್ತು ಅದನ್ನೇ ಎತ್ತಿಕೊಂಡಿದ್ದೇನೆ. ಅದಕ್ಕಾಗಿ ನಿಮ್ಮನ್ನು ಅಮೆರಿಕಕ್ಕೆ ಕರೆದುಕೊಂಡು ಹೋಗಬೇಕಾಗಿದೆ. ಈ ಜಗಳ ಸಭೆ, ಬೀದಿ, ಕೋರ್ಟು ಎಲ್ಲವನ್ನೂ ಸುತ್ತಿ ಬಂದಿರುವುದು ಅಲ್ಲಿ.

ಮೊದಲು ಅಲ್ಲಿಯ ಏರ್ಪಾಡನ್ನು ಹೇಳಿಬಿಡುತ್ತೇನೆ. ಅಲ್ಲಿಯ ಶಾಲಾ ಜಿಲ್ಲೆಯೆಂದರೆ ನಮ್ಮ ಕಂದಾಯ ಜಿಲ್ಲೆಯಂತಲ್ಲ. ಮೂರೇ ಪ್ರೌಢಶಾಲೆ ಇದ್ದರೂ ಅದೊಂದು ಜಿಲ್ಲೆ, ಲಾಸ್ ಏಂಜಲೀಸಿನಂತೆ ಲಕ್ಷಗಟ್ಟಲೆ ಮಕ್ಕಳಿದ್ದರೂ ಒಂದೇ ಜಿಲ್ಲೆ. ದೇಶದಲ್ಲಿ ಇಂಥವು ಹದಿಮೂರು ಸಾವಿರದ ಮೇಲಿವೆ. ಬಹುಪಾಲು ಜಿಲ್ಲೆಗಳಲ್ಲಿ ಊರಿನವರು ಓಟು ಹಾಕಿ ಆರಿಸಿದ ಒಂದು ಶಾಲಾ ಮಂಡಳಿ ಇರುತ್ತದೆ. ಮಂಡಳಿಯ ಸದಸ್ಯರು ಹಗಲೆಲ್ಲ ತಮ್ಮ ತಮ್ಮ ಉದ್ಯೋಗ ನೋಡಿಕೊಂಡು, ಸಂಜೆ ಸಭೆಗೆ ಬರುವವರು. ಅವರು ಒಬ್ಬ ಮುಖ್ಯಾಧಿಕಾರಿಯನ್ನು ಮೂರು ಅಥವಾ ನಾಲ್ಕು ವರ್ಷದ ಕರಾರಿನ ಮೇಲೆ ನೇಮಿಸಿಕೊಳ್ಳುತ್ತಾರೆ. ಆ ಹುದ್ದೆಗೆ ಸೂಪರಿಂಟೆಂಡೆಂಟ್ ಎಂದು ಹೆಸರು. ಶಾಲೆ ನಡೆಸುವುದು, ಶಿಕ್ಷಕರ ನೇಮಕ, ಬಸ್ಸು, ಊಟ, ಕಟ್ಟಡ, ಬಜೆಟ್ಟು ಎಲ್ಲವೂ ಆತನ ತಲೆಯ ಮೇಲೆ. ಆತನ ಕೆಳಗೆ ಸಹಾಯಕ ಸೂಪರಿಂಟೆಂಡೆಂಟರು, ಹಣಕಾಸಿನ ಅಧಿಕಾರಿ, ಸಿಬ್ಬಂದಿ ಅಧಿಕಾರಿ. ಇವರೆಲ್ಲರನ್ನೂ ಸೇರಿಸಿ ಅಲ್ಲಿಯ ಜನ ‘ಅಡ್ಮಿನಿಸ್ಟ್ರೇಟರ್ಸ್’ ಅನ್ನುತ್ತಾರೆ. ಹಾಗೆ ಅನ್ನುವಾಗ ದನಿ ಅಷ್ಟು ಮೆತ್ತಗಿರುವುದಿಲ್ಲ.

ದುಡ್ಡು ಎಲ್ಲಿಂದ ಬರುತ್ತದೆ ಎನ್ನುವುದರಲ್ಲಿ ಈ ಜಗಳದ ಅರ್ಧ ಬೇರು ಇದೆ. ಶಾಲೆಯ ಖರ್ಚಿನಲ್ಲಿ ಕೇಂದ್ರ ಸರ್ಕಾರದ ಪಾಲು ತೀರಾ ಕಡಿಮೆ. ಉಳಿದದ್ದನ್ನು ರಾಜ್ಯವೂ ಊರಿನವರೂ ಹೆಚ್ಚು ಕಡಿಮೆ ಸಮನಾಗಿ ಹೊರುತ್ತಾರೆ, ಊರಿನ ಪಾಲು ಮುಖ್ಯವಾಗಿ ಮನೆ ಜಮೀನುಗಳ ಮೇಲಿನ ಆಸ್ತಿ ತೆರಿಗೆಯಿಂದ. ನ್ಯೂಜೆರ್ಸಿಯ ಎಡಿಸನ್, ಪ್ಲೇನ್ಸ್‌ಬರೊ, ಪಾರ್ಸಿಪ್ಪನಿ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರ ಮನೆಗೆ ಹೋದರೆ ಆ ತೆರಿಗೆ ಬಿಲ್ಲನ್ನು ಕೇಳಿ ನೋಡಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಯೇ ಇಟ್ಟಿರುತ್ತಾರೆ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್, ಹೀಗೆ ವರ್ಷಕ್ಕೆ ನಾಲ್ಕು ಕಂತು. ಕೌಂಟಿಗೆ ಇಷ್ಟು, ಪುರಸಭೆಗೆ ಇಷ್ಟು, ಶಾಲೆಗೆ ಇಷ್ಟು ಎಂದು ಬೇರೆ ಬೇರೆ ಸಾಲು. ಆ ರಾಜ್ಯದಲ್ಲಿ ಒಟ್ಟು ಆಸ್ತಿ ತೆರಿಗೆಯ ಅರ್ಧಕ್ಕಿಂತ ಹೆಚ್ಚು ಶಾಲೆಯ ಸಾಲಿಗೇ ಹೋಗುತ್ತದೆ. ನಮ್ಮಲ್ಲಿ ಸರ್ಕಾರಿ ಶಾಲೆಯ ಖರ್ಚು ರಾಜ್ಯದ ಬೊಕ್ಕಸ ಎಂಬ ದೊಡ್ಡ ಕಡಲಿನಲ್ಲಿ ಕರಗಿಹೋಗಿರುತ್ತದೆ, ನನ್ನ ಪಾಲು ಎಷ್ಟು ಎಂದು ಯಾರಿಗೂ ಕಾಣುವುದಿಲ್ಲ. ಅಲ್ಲಿ ಅದು ಡಾಲರು ಸೆಂಟುಗಳಲ್ಲಿ ಅಚ್ಚಾಗಿ ಮನೆಗೇ ಬರುತ್ತದೆ. ಹೀಗೆ ಬಿಲ್ಲು ಕೈಲಿ ಹಿಡಿದವನು ಪತ್ರಿಕೆಯಲ್ಲಿ ಸೂಪರಿಂಟೆಂಡೆಂಟರ ಸಂಬಳ ಏರಿತೆಂದು ಓದಿದರೆ ಸುಮ್ಮನಿರುವುದಾದರೂ ಹೇಗೆ?

ಇನ್ನೊಂದು ಕಾರಣವೂ ಇದೆ. ರಾಜ್ಯದ ಗವರ್ನರನ ಸಂಬಳವನ್ನೋ ದೊಡ್ಡ ಕಂಪನಿಯ ಯಜಮಾನನ ಸಂಬಳವನ್ನೋ ಎದುರಿಗೆ ನಿಂತು ಪ್ರಶ್ನಿಸುವ ಜಾಗ ಸಾಮಾನ್ಯ ನಾಗರಿಕನಿಗೆ ಇಲ್ಲ. ಶಾಲಾ ಮಂಡಳಿಯ ಸಭೆ ಮಾತ್ರ ತಿಂಗಳಿಗೊಮ್ಮೆಯೋ ಎರಡು ಸಲವೋ ಮನೆಯಿಂದ ಕೂಗಳತೆಯಲ್ಲಿ ನಡೆಯುತ್ತದೆ. ಚೀಟಿ ಬರೆದು ಕೊಟ್ಟರೆ ಎರಡು ಮೂರು ನಿಮಿಷ ಮೈಕು ಸಿಗುತ್ತದೆ. ಸಂಬಳ ಪಡೆಯುವವರು, ಕೊಡುವವರು, ತೆರಿಗೆ ಕಟ್ಟುವವರು ಒಂದೇ ಕೋಣೆಯಲ್ಲಿ ಮುಖಾಮುಖಿ ಕೂರುವ ಜಾಗಗಳು ಪ್ರಜಾಪ್ರಭುತ್ವದಲ್ಲಿ ಬಹಳ ಇಲ್ಲ.

ಅಂಥ ಒಂದು ಕೋಣೆಗೆ ಹೋಗೋಣ. ಲೂಸಿಯಾನಾ ರಾಜ್ಯದ ದಕ್ಷಿಣಕ್ಕೆ ಆ್ಯಬಿವಿಲ್ ಎಂಬ ಸಣ್ಣ ಊರು. ಭತ್ತ, ಕಬ್ಬು, ಸಿಗಡಿಯ ಸೀಮೆ. ಅಲ್ಲಿಯ ವರ್ಮಿಲಿಯನ್ ಪ್ಯಾರಿಷ್ ಶಾಲಾ ಮಂಡಳಿಯ ಸಭೆ 2018ರ ಜನವರಿ 8ರ ಸೋಮವಾರ ಸಂಜೆ ನಡೆಯಿತು. ಸೂಪರಿಂಟೆಂಡೆಂಟರ ಹೊಸ ಕರಾರು ಮಂಡಳಿಯ ಮುಂದಿತ್ತು, ಅದರೊಳಗೆ ವರ್ಷಕ್ಕೆ ಸುಮಾರು ಮೂವತ್ತು ಸಾವಿರ ಡಾಲರಿನಷ್ಟೋ ಅದಕ್ಕೂ ಮೇಲೋ ಹೆಚ್ಚಳ. ಮಧ್ಯಮ ಶಾಲೆಯಲ್ಲಿ ಭಾಷೆ ಕಲಿಸುವ ಒಬ್ಬ ಶಿಕ್ಷಕಿ ಎದ್ದು ನಿಂತರು. ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿದೆ, ಶಿಕ್ಷಕರಿಗೂ ಅಡುಗೆಮನೆಯ ಸಿಬ್ಬಂದಿಗೂ ವರ್ಷಗಳಿಂದ ಸಂಬಳ ಏರಿಲ್ಲ, ಹೀಗಿರುವಾಗ ಮೇಲಿನವರಿಗೆ ಮಾತ್ರ ಏರಿಸುವುದು ಹೇಗೆ ಎಂಬುದು ಅವರ ಮಾತಿನ ಸಾರ. ಎರಡನೆಯ ಸಲ ಕೇಳಿದಾಗ, ಇದು ಕಾರ್ಯಸೂಚಿಗೆ ಸಂಬಂಧಿಸಿದ್ದಲ್ಲ ಎಂದು ಅವರನ್ನು ತಡೆದರು. ಸಭೆಯ ಕಾವಲಿಗಿದ್ದ ಮಾರ್ಷಲ್ ಹತ್ತಿರ ಬಂದು ಹೊರಗೆ ಹೋಗಿ ಎಂದ. ಆಕೆ ಚೀಲ ಎತ್ತಿಕೊಂಡು ಹೊರಟರು. ಬಾಗಿಲು ದಾಟಿದ ಮೇಲೆ ಮೊಗಸಾಲೆಯಲ್ಲಿ ಆದದ್ದು ಸ್ಥಳೀಯ ಟಿವಿಯ ಕ್ಯಾಮೆರಾದಲ್ಲಿ ಉಳಿಯಿತು. ಶಿಕ್ಷಕಿ ನೆಲದ ಮೇಲೆ ಬಿದ್ದಿದ್ದಾರೆ, ಕೈಗಳು ಬೆನ್ನ ಹಿಂದೆ, ಮಾರ್ಷಲ್ ಬೇಡಿ ತೊಡಿಸುತ್ತಿದ್ದಾನೆ. ಆ ಸಭೆಯಲ್ಲಿ ಮಂಡಳಿ ಕರಾರನ್ನು ಬಹುಮತದಿಂದ ಒಪ್ಪಿತು.

ಆ ದೃಶ್ಯ ಎರಡೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ಆಕೆಯ ಮೇಲೆ ಮೊಕದ್ದಮೆ ಹೂಡಲು ನಗರದ ವಕೀಲರು ಒಪ್ಪಲಿಲ್ಲ. ಲೂಸಿಯಾನಾದ ಕಾನೂನಿನಲ್ಲಿ ಶಾಲಾ ಮಂಡಳಿಗಳಿಗೆ ಒಂದು ಕಟ್ಟಳೆ ಇದೆ: ಕಾರ್ಯಸೂಚಿಯ ಪ್ರತಿ ವಿಷಯವನ್ನು ಮತಕ್ಕೆ ಹಾಕುವ ಮುಂಚೆ ಸಾರ್ವಜನಿಕರಿಗೆ ಮಾತಿಗೆ ಅವಕಾಶ ಕೊಡಲೇಬೇಕು. ಮಂಡಳಿ ಅದನ್ನು ಮುರಿದಿದೆಯೆಂದು ರಾಜ್ಯದ ಅಟಾರ್ನಿ ಜನರಲ್ ಕೋರ್ಟಿಗೆ ಹೋದರು. ಮುಂದಿನ ತಿಂಗಳು ವೆಸ್ಟ್ ವರ್ಜೀನಿಯಾದ ಶಿಕ್ಷಕರು ರಾಜ್ಯಾದ್ಯಂತ ಮುಷ್ಕರ ಹೂಡಿ ಮಾರ್ಚಿನಲ್ಲಿ ಶೇಕಡಾ 5ರ ಹೆಚ್ಚಳ ಪಡೆದೇ ಎದ್ದರು. ಆ್ಯಬಿವಿಲ್ಲೇ ಅದಕ್ಕೆ ಕಿಡಿಯಾಯಿತು ಎಂದು ನಾನು ಹೇಳುವುದಿಲ್ಲ. ಆ ವರ್ಷದ ಹವೆ ಹಾಗಿತ್ತು, ಅಷ್ಟೆ.

ಈಗ ಒಂದು ಅಪ್ರಿಯ ಲೆಕ್ಕ. ಮೂವತ್ತು ಸಾವಿರ ಡಾಲರನ್ನು ಒಂದು ಸಾವಿರ ನೌಕರರಿಗೆ ಹಂಚಿದರೆ ತಲೆಗೆ ಮೂವತ್ತು ಡಾಲರು ಬರುತ್ತದೆ, ವರ್ಷಕ್ಕೆ. ದೇಶದ ಒಟ್ಟು ಶಾಲಾ ಖರ್ಚಿನಲ್ಲಿ ಮಂಡಳಿ ಮತ್ತು ಸೂಪರಿಂಟೆಂಡೆಂಟರ ಕಚೇರಿಯ ಪಾಲು ಶೇಕಡಾ 2ರ ಆಸುಪಾಸು. ಆಡಳಿತಗಾರರ ಪರವಾಗಿ ಮಾತಾಡುವವರು ಮೊದಲು ಈ ಲೆಕ್ಕ ಮುಂದಿಡುತ್ತಾರೆ: ನಮ್ಮ ಸಂಬಳ ಕಿತ್ತುಕೊಂಡರೂ ಒಂದು ತರಗತಿಗೂ ಹೊಸ ಶಿಕ್ಷಕ ಬರುವುದಿಲ್ಲ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಶಿಕ್ಷಕಿ ಮೂವತ್ತು ಡಾಲರು ಕೇಳಲು ಎದ್ದು ನಿಂತಿರಲಿಲ್ಲ. ದುಡ್ಡಿಲ್ಲ, ದುಡ್ಡಿಲ್ಲ ಎಂದು ವರ್ಷಗಟ್ಟಲೆ ಹೇಳಿಸಿಕೊಂಡವರ ಎದುರಿಗೇ ಒಬ್ಬರಿಗೆ ಮಾತ್ರ ದುಡ್ಡು ಹುಟ್ಟಿತು. ಎಲ್ಲಿಂದ ಹುಟ್ಟಿತು ಎಂದು ಅವರು ಕೇಳಿದ್ದು. ಅದಕ್ಕೆ ಉತ್ತರ ಕೊಡಲು ಮಂಡಳಿಗೆ ಐದು ನಿಮಿಷ ಸಾಕಾಗುತ್ತಿತ್ತು.

ಇನ್ನು ಶೇಕಡಾವಾರಿನ ಮಾತು. ಅನೇಕ ಜಿಲ್ಲೆಗಳಲ್ಲಿ, ವಿಶೇಷವಾಗಿ ಕ್ಯಾಲಿಫೋರ್ನಿಯಾದಲ್ಲಿ, ಶಿಕ್ಷಕರ ಸಂಘಕ್ಕೆ ಎಷ್ಟು ಶೇಕಡಾ ಸಿಕ್ಕಿತೋ ಅಷ್ಟೇ ಶೇಕಡಾ ಆಡಳಿತಗಾರರಿಗೂ ಎಂಬ ರೂಢಿ ಇದೆ, ಕೆಲವು ಕಡೆ ಅದು ಕರಾರಿನಲ್ಲೇ ಬರೆದಿರುತ್ತದೆ. ‘ನನಗೂ’ ಎನ್ನುವ ಷರತ್ತು. ಕೇಳಿದರೆ ನ್ಯಾಯವಾಗಿಯೇ ಇದೆ, ಎಲ್ಲರಿಗೂ ಸಮಪಾಲು. ಸ್ವಲ್ಪ ಗುಣಿಸಿ ನೋಡಿ. ಐವತ್ತು ಸಾವಿರ ಡಾಲರಿನ ಶಿಕ್ಷಕನಿಗೆ ಶೇಕಡಾ 3 ಎಂದರೆ 1,500, ಎರಡೂವರೆ ಲಕ್ಷದ ಸೂಪರಿಂಟೆಂಡೆಂಟನಿಗೆ 7,500. ಹತ್ತು ವರ್ಷ ಹೀಗೇ ನಡೆದರೆ ಶಿಕ್ಷಕ 67 ಸಾವಿರಕ್ಕೆ ಬರುತ್ತಾನೆ, ಸೂಪರಿಂಟೆಂಡೆಂಟ್ 3 ಲಕ್ಷದ 36 ಸಾವಿರಕ್ಕೆ. ಇಬ್ಬರ ನಡುವಿನ ಅಂತರ ಎರಡು ಲಕ್ಷ ಇದ್ದದ್ದು 2 ಲಕ್ಷದ 69 ಸಾವಿರವಾಯಿತು. ಯಾರೂ ಅನ್ಯಾಯ ಮಾಡಲಿಲ್ಲ, ಯಾರೂ ಹೆಚ್ಚು ಕೇಳಲಿಲ್ಲ. ಅಂತರ ತಾನೇ ಬೆಳೆಯಿತು. ಇದರೊಳಗೆ ಇನ್ನೂ ಒಂದು ಸೂಕ್ಷ್ಮವಿದೆ. ಸಂಘದೊಂದಿಗೆ ಚೌಕಾಸಿ ಮಾಡುವಾಗ ಮಂಡಳಿಗೆ ಸಲಹೆ ಕೊಡುವವರು ಇದೇ ಆಡಳಿತಗಾರರು. ಶಿಕ್ಷಕರಿಗೆ ಸಿಕ್ಕಷ್ಟೇ ತಮಗೂ ಸಿಗುತ್ತದೆ ಎಂದು ಗೊತ್ತಿರುವವನು ಯಾರ ಪರ ಚೌಕಾಸಿ ಮಾಡುತ್ತಾನೆ? ಶಿಕ್ಷಕರ ಕೈ ಬಿಗಿಹಿಡಿದರೆ ತನ್ನ ಕೈಯೂ ಬಿಗಿಯಾಗುತ್ತದಲ್ಲ! ತೆರಿಗೆದಾರರ ಸಂಘಗಳು ಈ ಪ್ರಶ್ನೆಯನ್ನು ಬಿಡದೆ ಕೇಳುತ್ತವೆ. ಶಿಕ್ಷಕರ ಸಂಘಗಳಿಗೆ ಮಾತ್ರ ಈ ಷರತ್ತಿನ ಬಗ್ಗೆ ಅಷ್ಟೇನೂ ಸಿಟ್ಟಿಲ್ಲ, ಕಾರಣ ಊಹಿಸಬಹುದು.

ಹೆಚ್ಚಳದ ಸಮರ್ಥನೆಗೆ ಮಂಡಳಿಗಳು ತರುವ ಇನ್ನೊಂದು ಕಾಗದ ಹೋಲಿಕೆಯ ಪಟ್ಟಿ. ಸುತ್ತಲಿನ ಹತ್ತು ಹನ್ನೆರಡು ಜಿಲ್ಲೆಗಳ ಸೂಪರಿಂಟೆಂಡೆಂಟರ ಸಂಬಳವನ್ನು ಒಂದು ಕೋಷ್ಟಕದಲ್ಲಿ ಹಾಕಿ, ನಮ್ಮವರು ನಡುವಿನ ಸಾಲಿಗಿಂತ ಕೆಳಗಿದ್ದಾರೆ, ನೋಡಿ ಎಂದು ತೋರಿಸುವುದು. ನಡುವಿನ ಸಾಲಿಗಿಂತ ಕೆಳಗೆ ಅರ್ಧದಷ್ಟು ಜಿಲ್ಲೆಗಳು ಯಾವಾಗಲೂ ಇದ್ದೇ ಇರುತ್ತವೆ, ಗಣಿತ ಇರುವುದೇ ಹಾಗೆ. ಈ ವರ್ಷ ಇವರು ಮೇಲೇರಿದರೆ ನಡುವಿನ ಸಾಲೇ ಮೇಲೇರುತ್ತದೆ, ಬರುವ ವರ್ಷ ಪಕ್ಕದ ಜಿಲ್ಲೆಯವರು ಅದೇ ಕೋಷ್ಟಕ ಹಿಡಿದು ಬರುತ್ತಾರೆ. ಪಟ್ಟಿಗೆ ಯಾವ ಜಿಲ್ಲೆಗಳನ್ನು ಸೇರಿಸಬೇಕು ಎನ್ನುವುದರಲ್ಲೇ ಜಾಣತನವೆಲ್ಲ ಇದೆ. ಶ್ರೀಮಂತ ನೆರೆಯವರು ಪಟ್ಟಿಯಲ್ಲಿರುತ್ತಾರೆ, ಬಡ ನೆರೆಯವರು ಅದ್ಹೇಗೋ ‘ನಮಗೆ ಹೋಲುವುದಿಲ್ಲ’.

ಇಷ್ಟು ಹೊತ್ತು ನಾನು ಸಂಬಳದ ಅಂಕಿಯ ಬಗ್ಗೆಯೇ ಮಾತಾಡಿದೆ. ಸಭೆಗಳಲ್ಲಿ ಗುದ್ದಾಟ ನಡೆಯುವುದೂ ಅದರ ಮೇಲೆಯೇ. ನಿಜವಾದ ದುಡ್ಡು ಮಾತ್ರ ಬಹಳ ಸಲ ಅಲ್ಲಿರುವುದಿಲ್ಲ.

ಲಾಸ್ ಏಂಜಲೀಸಿನ ವಿಮಾನ ನಿಲ್ದಾಣದ ಆಚೆ ಸೆಂಟಿನೆಲಾ ವ್ಯಾಲಿ ಎಂಬ ಪ್ರೌಢಶಾಲಾ ಜಿಲ್ಲೆ ಇದೆ. ಹಾಥಾರ್ನ್, ಲಾನ್‌ಡೇಲ್ ಊರುಗಳ ದುಡಿಯುವ ಜನರ ಮಕ್ಕಳು ಓದುವ ಶಾಲೆಗಳು. ಮಕ್ಕಳ ಸಂಖ್ಯೆ ಆರೂವರೆ ಸಾವಿರದ ಆಚೀಚೆ. 2014ರ ಫೆಬ್ರವರಿಯಲ್ಲಿ ಟಾರೆನ್ಸ್‌ನ ‘ಡೇಲಿ ಬ್ರೀಜ್’ ಎಂಬ ಸಣ್ಣ ಪತ್ರಿಕೆ ಒಂದು ಸುದ್ದಿ ಹಾಕಿತು. ಆ ಜಿಲ್ಲೆಯ ಸೂಪರಿಂಟೆಂಡೆಂಟ್ ಹೋಸೆ ಫರ್ನಾಂಡಿಸ್ ಹಿಂದಿನ ವರ್ಷ ಪಡೆದದ್ದು ಒಟ್ಟು 6 ಲಕ್ಷದ 63 ಸಾವಿರ ಡಾಲರು! ನೂರು ಪಾಲು ದೊಡ್ಡದಾದ ಲಾಸ್ ಏಂಜಲೀಸ್ ಜಿಲ್ಲೆಯ ಮುಖ್ಯಸ್ಥನಿಗಿಂತ ಬಹಳ ಮುಂದೆ.

ಆದರೆ ಮಂಡಳಿಯ ಸದಸ್ಯರನ್ನು ಕೇಳಿದರೆ ಅವರಿಗೆ ಗೊತ್ತಿದ್ದ ಸಂಬಳ 2 ಲಕ್ಷದ 71 ಸಾವಿರ. ಅದೂ ಸುಳ್ಳಲ್ಲ, ಮೂಲ ವೇತನ ಅಷ್ಟೇ ಇತ್ತು. ಉಳಿದದ್ದು ಕರಾರಿನ ಒಳಪುಟಗಳಲ್ಲಿ ಕೂತಿತ್ತು. ಮಾಡದ ವರ್ಷಗಳ ಸೇವೆಯನ್ನು ಹಣ ಕೊಟ್ಟು ಕೊಂಡು ಪಿಂಚಣಿಗೆ ಸೇರಿಸಿಕೊಳ್ಳುವ ಸೌಲಭ್ಯ ಆಗ ಆ ರಾಜ್ಯದಲ್ಲಿತ್ತು. ಆ ಹಣವನ್ನು ಜಿಲ್ಲೆಯೇ ಕಟ್ಟಿಕೊಡಬೇಕೆಂದು ಒಂದು ಷರತ್ತು, ಅದೊಂದಕ್ಕೇ ಎರಡು ಲಕ್ಷ ಡಾಲರಿನ ಮೇಲೆ. ಕೆಲಸದ ದಿನಗಳ ಎಣಿಕೆ, ಅದಕ್ಕೆ ಮೀರಿ ದುಡಿದ ದಿನಗಳಿಗೆ ಬೇರೆ ಪಾವತಿ ಎಂದು ಇನ್ನೊಂದು. ಮನೆ ಕೊಳ್ಳಲು ಜಿಲ್ಲೆಯಿಂದಲೇ 9 ಲಕ್ಷದ 10 ಸಾವಿರ ಡಾಲರಿನ ಸಾಲ, ಶೇಕಡಾ 2ರ ಬಡ್ಡಿಯಲ್ಲಿ. ಸಾರ್ವಜನಿಕ ಶಾಲೆಯ ದುಡ್ಡು ಮನೆ ಸಾಲದ ಬ್ಯಾಂಕಾಗಿದ್ದು ಹೀಗೆ. ಆ ಕರಾರಿಗೆ ಒಪ್ಪಿಗೆ ಕೊಟ್ಟದ್ದು ಮಂಡಳಿಯೇ. ಕಾಗದವನ್ನು ಗಮನವಿಟ್ಟು ಓದಿದವರು ಇದ್ದಂತೆ ಕಾಣುವುದಿಲ್ಲ. 2014ರ ಆಗಸ್ಟಿನಲ್ಲಿ ಮಂಡಳಿ ಅವರನ್ನು ಕೆಲಸದಿಂದ ತೆಗೆಯಿತು. ಮುಂದಿನ ವರ್ಷ ಸ್ಥಳೀಯ ವರದಿಗಾರಿಕೆಯ ಪುಲಿಟ್ಜರ್ ಪ್ರಶಸ್ತಿ ಆ ಸಣ್ಣ ಪತ್ರಿಕೆಗೆ ಬಂತು.

ಇಲ್ಲಿನಾಯ್ ರಾಜ್ಯದ ಕಥೆ ಇನ್ನೊಂದು ಬಗೆ. ಅಲ್ಲಿ ಪಿಂಚಣಿಯನ್ನು ಕೊನೆಯ ಹತ್ತು ವರ್ಷಗಳ ಪೈಕಿ ಅತಿ ಹೆಚ್ಚು ಸಂಬಳ ಬಂದ ನಾಲ್ಕು ಸತತ ವರ್ಷಗಳ ಸರಾಸರಿಯ ಮೇಲೆ ಲೆಕ್ಕ ಹಾಕುತ್ತಿದ್ದರು. ಪಿಂಚಣಿ ಕೊಡುವುದು ರಾಜ್ಯ, ಸಂಬಳ ಕೊಡುವುದು ಜಿಲ್ಲೆ. ಸರಿ, ನಿವೃತ್ತಿ ಹತ್ತಿರವಾದವರಿಗೆ ವರ್ಷಕ್ಕೆ ಶೇಕಡಾ 20ರವರೆಗೂ ಏರಿಸುವ ಪದ್ಧತಿ ಬೆಳೆಯಿತು. ಜಿಲ್ಲೆ ನಾಲ್ಕು ವರ್ಷ ಹೆಚ್ಚು ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು, ರಾಜ್ಯ ಆಯುಷ್ಯಪರ್ಯಂತ ಕೊಡುತ್ತಿತ್ತು. ಪರರ ದುಡ್ಡಿನಲ್ಲಿ ಉದಾರಿಯಾಗುವುದು ಬಲು ಸುಲಭ. 2005ರಲ್ಲಿ ಕಾನೂನು ಬಂತು: ಶೇಕಡಾ 6 ಮೀರಿದ ಹೆಚ್ಚಳದಿಂದ ಪಿಂಚಣಿಗೆ ಬೀಳುವ ಭಾರವನ್ನು ಜಿಲ್ಲೆಯೇ ಹೊರಬೇಕು. ಆಮೇಲೆ ಏನಾಯಿತು ಊಹಿಸಿ. ಕರಾರುಗಳಲ್ಲಿ ಕೊನೆಯ ವರ್ಷಗಳ ಹೆಚ್ಚಳ ಸರಿಯಾಗಿ ಶೇಕಡಾ 6 ಎಂದು ನಿಂತುಬಿಟ್ಟಿತು. ಮಿತಿ ಎಂದು ಬರೆದದ್ದು ಹಕ್ಕಾಯಿತು. 2018ರಲ್ಲಿ ಅದನ್ನು ಶೇಕಡಾ 3ಕ್ಕೆ ಇಳಿಸಿದರು. ಗಲಾಟೆಯಾಗಿ 2019ರಲ್ಲಿ ಮತ್ತೆ 6ಕ್ಕೆ ಏರಿಸಿದರು. ಈ ಕಾನೂನು ಶಿಕ್ಷಕರಿಗೂ ಅನ್ವಯಿಸುತ್ತಿತ್ತು, ಗಲಾಟೆಯ ಬಲ ಬಂದದ್ದು ಅವರಿಂದಲೇ ಎನ್ನುವುದನ್ನು ಮರೆಯಬಾರದು.

ಮಿತಿ ಹಾಕುವ ದೊಡ್ಡ ಪ್ರಯೋಗ ನಡೆದದ್ದು ನ್ಯೂಜೆರ್ಸಿಯಲ್ಲಿ. ಗವರ್ನರ್ ಕ್ರಿಸ್ ಕ್ರಿಸ್ಟಿ ತಮ್ಮ ಸಂಬಳವನ್ನೇ ಅಳತೆಗೋಲಾಗಿ ಹಿಡಿದರು. ನನಗೆ 1 ಲಕ್ಷದ 75 ಸಾವಿರ, ಒಂದು ಊರಿನ ಶಾಲೆ ನೋಡಿಕೊಳ್ಳುವವನಿಗೆ ನನಗಿಂತ ಹೆಚ್ಚೇಕೆ ಎಂಬುದು ಅವರ ವಾದ. 2011ರ ಫೆಬ್ರವರಿಯಿಂದ ಹೊಸ ಕರಾರುಗಳಿಗೆ ಮಿತಿ ಬಂತು. 250 ಮಕ್ಕಳವರೆಗಿನ ಜಿಲ್ಲೆಗೆ 1 ಲಕ್ಷದ 25 ಸಾವಿರದಿಂದ ಶುರುವಾಗಿ, ಹತ್ತು ಸಾವಿರ ಮಕ್ಕಳವರೆಗಿನ ಜಿಲ್ಲೆಗೆ 1 ಲಕ್ಷದ 75 ಸಾವಿರಕ್ಕೆ ಮುಗಿಯುವ ಮೆಟ್ಟಿಲುಗಳು. ಮಿತಿ ಬರುವ ಸುಳಿವು ಸಿಕ್ಕ ಕೂಡಲೇ ಪಾರ್ಸಿಪ್ಪನಿಯ ಮಂಡಳಿ ತನ್ನ ಸೂಪರಿಂಟೆಂಡೆಂಟರ ಕರಾರನ್ನು ಅವಧಿಗೆ ಮುಂಚೆಯೇ ನವೀಕರಿಸಿತು, 2010ರ ನವೆಂಬರಿನಲ್ಲಿ. ಗವರ್ನರ್ ಕೆಂಡಾಮಂಡಲವಾದರು, ಆ ಅಧಿಕಾರಿಯನ್ನು ದುರಾಸೆಯ ಮಾದರಿ ಎಂಬಂತೆ ಭಾಷಣಗಳಲ್ಲಿ ಎತ್ತಿ ಆಡಿದರು. ಜನಕ್ಕೆ ಖುಷಿಯಾಯಿತು. ತೆರಿಗೆ ಬಿಲ್ಲು ಮಾತ್ರ ಇಳಿಯಲಿಲ್ಲ. ಇಳಿಯುವುದು ಸಾಧ್ಯವೂ ಇರಲಿಲ್ಲ, ಶೇಕಡಾ 2ರ ಲೆಕ್ಕ ಆಗಲೇ ಹೇಳಿದೆನಲ್ಲ.

ಅಲ್ಲಿಂದ ಮುಂದೆ ಆದದ್ದನ್ನು ಆಡಳಿತಶಾಸ್ತ್ರ ಕಲಿಸುವವರು ಪಾಠವಾಗಿಯೇ ಇಡಬಹುದು. ನದಿ ದಾಟಿದರೆ ನ್ಯೂಯಾರ್ಕ್, ಇನ್ನೊಂದು ನದಿ ದಾಟಿದರೆ ಪೆನ್ಸಿಲ್ವೇನಿಯಾ. ಎರಡು ಕಡೆಯೂ ಮಿತಿ ಇಲ್ಲ. (ನ್ಯೂಯಾರ್ಕಿನ ಗವರ್ನರ್ ಕ್ವೋಮೊ ಕೂಡ 2011ರಲ್ಲಿ ಇಂಥದೇ ಮಿತಿಯ ಪ್ರಸ್ತಾಪ ಇಟ್ಟರು, ಶಾಸನವಾಗಲಿಲ್ಲ. ಬದಲಿಗೆ ಆಸ್ತಿ ತೆರಿಗೆಯ ಏರಿಕೆಗೆ ಕಡಿವಾಣ ಬಿತ್ತು.) ಅನುಭವಿಗಳು ಗಡಿ ದಾಟಿದರು. ಕೆಲವರು ನಿವೃತ್ತಿ ಪಡೆದು, ಪಿಂಚಣಿ ತೆಗೆದುಕೊಳ್ಳುತ್ತಲೇ ಬೇರೆ ಜಿಲ್ಲೆಗೆ ಹಂಗಾಮಿ ಸೂಪರಿಂಟೆಂಡೆಂಟರಾಗಿ ಬಂದರು. ದೊಡ್ಡ ಪ್ರೌಢಶಾಲೆಯ ಪ್ರಾಂಶುಪಾಲರಿಗೂ ಸಹಾಯಕ ಸೂಪರಿಂಟೆಂಡೆಂಟರಿಗೂ ಮಿತಿ ಇರಲಿಲ್ಲವಾಗಿ, ಕೈಕೆಳಗಿನವರ ಸಂಬಳ ಮೇಲಿನವರ ಸಂಬಳವನ್ನು ಮುಟ್ಟಿ ದಾಟಿದ ಜಿಲ್ಲೆಗಳಾದವು. ಬಡ್ತಿ ಬೇಡ ಸ್ವಾಮಿ ಎನ್ನುವ ವಿಚಿತ್ರ ಹುಟ್ಟಿತು. 2017ರಲ್ಲಿ ಮಿತಿಯನ್ನು ಸಡಿಲಿಸಿದರು. 2019ರ ಜುಲೈಯಲ್ಲಿ ಹೊಸ ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿ ಮಿತಿಯನ್ನೇ ತೆಗೆದುಹಾಕಿದರು. ಎಂಟು ವರ್ಷದ ಪ್ರಯೋಗ ಹೀಗೆ ಮುಗಿಯಿತು.

ಇದೆಲ್ಲ ಕೇಳಿ ಸೂಪರಿಂಟೆಂಡೆಂಟರೆಲ್ಲ ಲೂಟಿಕೋರರು ಎಂಬ ಭಾವನೆ ನಿಮ್ಮಲ್ಲಿ ಬಂದಿದ್ದರೆ ಅದು ನನ್ನ ನಿರೂಪಣೆಯ ಓರೆ. ದೇಶದ ಸೂಪರಿಂಟೆಂಡೆಂಟರ ನಡುಮಟ್ಟದ ಸಂಬಳ ಒಂದೂವರೆ ಲಕ್ಷ ಡಾಲರಿಗಿಂತ ಸ್ವಲ್ಪ ಮೇಲೆ, ಸೆಂಟಿನೆಲಾ ವ್ಯಾಲಿಯ ಕಾಲುಭಾಗದ ಆಸುಪಾಸು. ಶಿಕ್ಷಕನಿಗೆ ಇರುವ ಕೆಲಸದ ಭದ್ರತೆ ಅವರಿಗಿಲ್ಲ. ಮಂಡಳಿಯ ಚುನಾವಣೆಯಲ್ಲಿ ಮೂರು ಸ್ಥಾನ ಅತ್ತಿತ್ತ ಆದರೆ ಬೇಸಿಗೆಯೊಳಗೆ ಗಂಟು ಕಟ್ಟಬೇಕು. ಹಿಮ ಬಿದ್ದ ದಿನ ಶಾಲೆಗೆ ರಜೆ ಕೊಡಬೇಕೋ ಬೇಡವೋ ಎಂದು ನಸುಕಿನ ನಾಲ್ಕು ಗಂಟೆಗೆ ಎದ್ದು ತೀರ್ಮಾನಿಸಬೇಕು. ಕೊಟ್ಟರೆ ಒಂದು ಬೈಗುಳ, ಕೊಡದಿದ್ದರೆ ಇನ್ನೊಂದು. ಕೊರೊನಾ ಕಾಲದಲ್ಲಿ ಮಾಸ್ಕಿನ ಜಗಳಗಳು ಇದೇ ಮಂಡಳಿ ಸಭೆಗಳಲ್ಲಿ ನಡೆದು ಎಷ್ಟೋ ಜನ ಹುದ್ದೆ ಬಿಟ್ಟು ಹೋದರು. ಒಳ್ಳೆಯವರು ಬೇಕಾದರೆ ಒಳ್ಳೆಯ ಸಂಬಳ ಕೊಡಬೇಕು, ಇದರಲ್ಲಿ ನನಗೆ ಅನುಮಾನವಿಲ್ಲ. ಹೆಚ್ಚು ಕೊಟ್ಟ ಮಾತ್ರಕ್ಕೆ ಒಳ್ಳೆಯವರೇ ಬರುತ್ತಾರೆ ಎನ್ನುವುದರಲ್ಲಿ ಮಾತ್ರ ಅನುಮಾನವಿದೆ. ಇನ್ನೊಂದು ವಿಷಯವನ್ನೂ ಹೇಳಲೇಬೇಕು: ಅಮೆರಿಕದ ಶಾಲಾ ಶಿಕ್ಷಕರಲ್ಲಿ ನಾಲ್ಕರಲ್ಲಿ ಮೂವರು ಮಹಿಳೆಯರು, ಸೂಪರಿಂಟೆಂಡೆಂಟರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು. ಸಂಬಳದ ಅಂತರದ ಜಗಳ ಎಂದು ಕಾಣುವುದರ ಕೆಳಗೆ ಈ ಅಂತರವೂ ಇದೆ. ಮೈಕಿನ ಮುಂದೆ ನಿಂತು ಕೇಳುವವರು ಯಾರು, ಮೇಜಿನ ಹಿಂದೆ ಕೂತು ಕೇಳಿಸಿಕೊಳ್ಳುವವರು ಯಾರು ಎಂದು ಒಮ್ಮೆ ನೋಡಿದರೆ ತಿಳಿಯುತ್ತದೆ.

ಹಾಗಾದರೆ ನನ್ನ ಅಭಿಪ್ರಾಯ ಏನು? ಅಂಕಿಗೆ ಮಿತಿ ಹಾಕುವುದರಲ್ಲಿ ನನಗೆ ಹೆಚ್ಚು ನಂಬಿಕೆ ಇಲ್ಲ. ಸಹಿಗೆ ಮುಂಚೆ, ಎಲ್ಲರಿಗೂ ಅರ್ಥವಾಗುವ ಹಾಗೆ, ಒಟ್ಟು ಮೊತ್ತವನ್ನು ಹೇಳುವುದರಲ್ಲಿ ಇದೆ. ಈ ದಿಕ್ಕಿನಲ್ಲಿ ಹೆಚ್ಚು ಕೆಲಸ ಮಾಡಿದ್ದು ಕ್ಯಾಲಿಫೋರ್ನಿಯಾ, ಅದೂ ಏಟು ತಿಂದ ಮೇಲೆ. 2010ರಲ್ಲಿ ಬೆಲ್ ಎಂಬ ಬಡ ಪಟ್ಟಣದ ನಗರಾಡಳಿತಾಧಿಕಾರಿ ವರ್ಷಕ್ಕೆ 8 ಲಕ್ಷ ಡಾಲರಿನ ಹತ್ತಿರ ಸಂಬಳ ಪಡೆಯುತ್ತಿದ್ದುದನ್ನು ಲಾಸ್ ಏಂಜಲೀಸ್ ಟೈಮ್ಸ್ ಬಯಲಿಗೆಳೆಯಿತು. ಅದು ಶಾಲೆಯದಲ್ಲ, ನಗರಸಭೆಯದು. ಆದರೆ ಅದರಿಂದ ಹುಟ್ಟಿದ ಕಾನೂನು ಶಾಲಾ ಜಿಲ್ಲೆಗಳಿಗೂ ತಾಗಿತು. ಮುಖ್ಯಾಧಿಕಾರಿಗಳ ಸಂಬಳವನ್ನು ತರಾತುರಿಯ ವಿಶೇಷ ಸಭೆ ಕರೆದು ಏರಿಸುವಂತಿಲ್ಲ. ನಿಯತ ಸಭೆಯಲ್ಲೇ ಆಗಬೇಕು, ಅದರ ಕಾರ್ಯಸೂಚಿ 72 ಗಂಟೆ ಮುಂಚೆ ಗೋಡೆಗೆ ಬಿದ್ದಿರಬೇಕು. ಕರಾರು ತಾನೇ ತಾನಾಗಿ ನವೀಕರಣವಾಗಿ, ಬೆಲೆಯೇರಿಕೆಯನ್ನೂ ಮೀರಿ ಸಂಬಳ ತಾನೇ ಏರುವಂತಿಲ್ಲ. 2017ರ ಜನವರಿಯಿಂದ ಇನ್ನೊಂದು ನಿಯಮ ಸೇರಿತು. ಮತ ಹಾಕುವ ಮುಂಚೆ, ಮುಖ್ಯಾಧಿಕಾರಿಗೆ ಕೊಡಲಿರುವ ಸಂಬಳ ಸೌಲಭ್ಯಗಳ ಸಾರಾಂಶವನ್ನು ಬಾಯಿಬಿಟ್ಟು ಓದಿ ಹೇಳಬೇಕು. ಕಾಗದದಲ್ಲಿದ್ದರೆ ಸಾಲದು, ಸಭೆಗೆ ಕೇಳಿಸಬೇಕು.

ನನಗೆ ಬಹಳ ಇಷ್ಟವಾದ ಕಾನೂನು ಇದು. ಹೀಗಿದ್ದೂ ಇದರ ಗತಿ ಏನಾಗಬಹುದೆಂದು ಸಭೆಗಳಲ್ಲಿ ಕೂತು ಅಭ್ಯಾಸವಿರುವ ನಿಮಗೆ ಹೇಳಬೇಕಾಗಿಲ್ಲ. ಸಾರಾಂಶವನ್ನು ಗಡಗಡನೆ ಓದಿಬಿಡಬಹುದು, ಮೂಲ ವೇತನಕ್ಕೆ ಒತ್ತು ಕೊಟ್ಟು ಉಳಿದದ್ದನ್ನು ‘ಕರಾರಿನಲ್ಲಿ ಇರುವಂತೆ’ ಎಂದು ತೇಲಿಸಬಹುದು. ನಾನು ಆ ರಾಜ್ಯದ ಶಾಸಕನಾಗಿದ್ದರೆ ಒಂದು ಸಾಲು ಸೇರಿಸುತ್ತಿದ್ದೆ: ಕರಾರಿನ ಅವಧಿ ಪೂರ್ತಿ, ಪಿಂಚಣಿ, ರಜೆ ನಗದೀಕರಣ, ಕಾರು ಭತ್ಯೆ, ನಡುವೆ ಬಿಡಿಸಿದರೆ ಕೊಡಬೇಕಾದ ಪರಿಹಾರ, ಎಲ್ಲ ಸೇರಿ ಒಂದೇ ಮೊತ್ತ ಹೇಳಿ. ಅದರ ಪಕ್ಕದಲ್ಲೇ, ಅದೇ ಅವಧಿಯಲ್ಲಿ ಜಿಲ್ಲೆಯ ಹೊಸ ಶಿಕ್ಷಕನಿಗೆ ಸಿಗುವ ಒಟ್ಟು ಮೊತ್ತವನ್ನೂ ಹೇಳಿ. ಆಮೇಲೆ ಎಷ್ಟು ಬೇಕಾದರೂ ಏರಿಸಿ, ಹೊಣೆ ಮಂಡಳಿಯದು.

ನಮ್ಮ ಕಡೆಯ ಮಾತು ಬರಬೇಕಲ್ಲ ಎಂದು ಮುಂದಿನ ಸಾಲಿನಲ್ಲಿ ಕೆಲವರು ನನ್ನನ್ನೇ ನೋಡುತ್ತಿದ್ದೀರಿ. ನಮ್ಮಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಯ ಸಂಬಳವನ್ನು ತಾಲೂಕಿನವರು ಗೊತ್ತುಮಾಡುವುದಿಲ್ಲ, ಶಾಲಾಭಿವೃದ್ಧಿ ಸಮಿತಿಗೆ ಆ ಅಧಿಕಾರ ಇಲ್ಲ. ವೇತನ ಆಯೋಗ ಶಿಫಾರಸು ಮಾಡುತ್ತದೆ, ಸರ್ಕಾರ ಆದೇಶ ಹೊರಡಿಸುತ್ತದೆ. ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಜಿಲ್ಲೆಯ ಉಪನಿರ್ದೇಶಕರಿಂದ (ಡಿಡಿಪಿಐ) ಹಿಡಿದು ಸಹ ಶಿಕ್ಷಕರವರೆಗೆ ಒಂದೇ ಸೂತ್ರ. ಆ ದೃಷ್ಟಿಯಿಂದ ಸೆಂಟಿನೆಲಾ ವ್ಯಾಲಿ ನಮ್ಮಲ್ಲಿ ಆಗುವುದಿಲ್ಲ, ಅದು ನಮ್ಮ ಏರ್ಪಾಡಿನ ದೊಡ್ಡ ಗುಣ. ಆದರೆ ಆ ಸೂತ್ರದ ಹೊರಗೆ ಅತಿಥಿ ಶಿಕ್ಷಕರು ಇದ್ದಾರೆ, ಅವರ ಗೌರವಧನದ ಬಗ್ಗೆ ಎದ್ದು ನಿಂತು ಕೇಳಲು ಒಂದು ಮೈಕೂ ಇಲ್ಲ, ಕೇಳಿಸಿಕೊಳ್ಳುವ ಮೇಜೂ ಇಲ್ಲ. ಇನ್ನು ತಮ್ಮ ಸಂಬಳವನ್ನು ತಾವೇ ಗೊತ್ತುಮಾಡಿಕೊಳ್ಳುವವರ ವಿಷಯಕ್ಕೆ ಬಂದರೆ, 2025ರ ಮಾರ್ಚಿನಲ್ಲಿ ನಮ್ಮ ಶಾಸಕರ, ಸಚಿವರ ವೇತನ ಏರಿಸುವ ಮಸೂದೆಗಳು ವಿಧಾನಸಭೆಯಲ್ಲಿ ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾದವು. ಗದ್ದಲ ಬೇರೆ ವಿಷಯಕ್ಕೆ ನಡೆದಿತ್ತು. ಸಂಬಳದ ವಿಷಯಕ್ಕೆ ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಕಡೆಯಿಂದ ಅಡ್ಡಿ ಬರಲಿಲ್ಲ. ಅದಕ್ಕಿಂತ ಹೆಚ್ಚು ನಾನು ಹೇಳಬೇಕಾಗಿಲ್ಲ.

ಕೊನೆಯದಾಗಿ ಒಂದು ವಿಷಯ, ಅದು ಓದುವವರ ಬಗ್ಗೆ. ಎಂಥ ಕಾನೂನು ಮಾಡಿದರೂ ನಲವತ್ತು ಪುಟದ ಕಡತವನ್ನು ಕೂತು ಓದುವವರು ಒಬ್ಬರು ಬೇಕು. ಅಮೆರಿಕದ ಸಣ್ಣ ಊರುಗಳಲ್ಲಿ ಆ ಕೆಲಸವನ್ನು ಸ್ಥಳೀಯ ಪತ್ರಿಕೆಯ ವರದಿಗಾರ ಮಾಡುತ್ತಿದ್ದ. ಶಾಲಾ ಮಂಡಳಿಯ ಸಭೆ ರಾತ್ರಿ ಹತ್ತರವರೆಗೆ ಎಳೆದರೂ ಹಿಂದಿನ ಸಾಲಿನಲ್ಲಿ ಕೂತಿರುತ್ತಿದ್ದ. ಕಳೆದ ಎರಡು ದಶಕಗಳಲ್ಲಿ ಅಂಥ ಪತ್ರಿಕೆಗಳು ಸಾಲುಸಾಲಾಗಿ ಮುಚ್ಚಿದವು, ಉಳಿದವು ಸಿಬ್ಬಂದಿಯನ್ನು ಇಳಿಸಿದವು. ಈಗ ಬಹಳ ಕಡೆ ಮಂಡಳಿಯ ಕರಾರು ಜಾಲತಾಣದಲ್ಲಿ ಇರುತ್ತದೆ, ಅದನ್ನು ತೆರೆದು ನೋಡುವುದು ತೆರಿಗೆ ಬಿಲ್ಲಿನಿಂದ ಸಿಟ್ಟಾದ ಒಬ್ಬ ಮನೆ ಮಾಲೀಕನೋ ಸಂಘದ ಒಬ್ಬ ಶಿಕ್ಷಕಿಯೋ, ಅದೂ ಬಿಡುವಿದ್ದಾಗ. ಸೆಂಟಿನೆಲಾ ವ್ಯಾಲಿಯ ಕರಾರನ್ನು ಬೆನ್ನುಹತ್ತಿ ಬರೆದ ಮುಖ್ಯ ವರದಿಗಾರ ರಾಬ್ ಕುಜ್ನಿಯಾಗೆ ಪುಲಿಟ್ಜರ್ ಬಂದ ಸುದ್ದಿ 2015ರ ಏಪ್ರಿಲಿನಲ್ಲಿ ತಲುಪಿದಾಗ ಅವರು ಪತ್ರಿಕೆಯಲ್ಲಿ ಇರಲಿಲ್ಲ. ಅಷ್ಟು ಹೊತ್ತಿಗಾಗಲೇ ಪತ್ರಿಕೋದ್ಯಮ ಬಿಟ್ಟು ಒಂದು ಸಂಸ್ಥೆಯ ಪ್ರಚಾರ ವಿಭಾಗಕ್ಕೆ ಸೇರಿದ್ದರು. ಪತ್ರಿಕೆಯ ಸಂಬಳದಲ್ಲಿ ಮನೆ ಬಾಡಿಗೆ ಹೊಂದಿಸುವುದೇ ಕಷ್ಟವಾಗಿತ್ತಂತೆ.